ತಲೆಕೆಳಗಾದ ತ್ರಿಕೋನ

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ಮಾಟುಂಗದ ಕನ್ನಡ ಶಾಲೆಯೊಂದರಲ್ಲಿ ನಾನು ತಾತ್ಕಾಲಿಕ ಗಣಿತದ ಟೀಚರ್. ಇನ್ಸ್‌ಪೆಕ್ಷನ್‌ಗೆ ಬರುವ ಸಾಹೇಬರು ನನ್ನ ಪಾಠ ನೋಡಿ ಒಪ್ಪಿದರೆ ಕೆಲಸ ಖಾಯಂ; ಇಲ್ಲವಾದರೆ ಅಪ್ಪ ನೋಡಿಟ್ಟ ಗಂಡಿಗೆ ಕೊರಳೊಡ್ಡುವುದು. ಆ ಗಂಡಿನ ಮೇಲೆ ಸಿಟ್ಟೇನೂ ಇರಲಿಲ್ಲ. ಈ ಕೆಲಸದ ಮೇಲೆ ಪ್ರಾಣವಿತ್ತು, ಅಷ್ಟೆ.

ಪಾಠ ಮಾಡುವುದರಲ್ಲಿ ನನಗೆ ಮೊದಲಿನಿಂದಲೂ ಜಂಬ. ಪುಸ್ತಕದ ತ್ರಿಕೋನಗಳೆಲ್ಲ ತಳ ಊರಿ ಕೂತಿರುತ್ತವೆ. ಮಕ್ಕಳು ತ್ರಿಕೋನವೆಂದರೆ ಅದೊಂದೇ ಎಂದುಕೊಂಡುಬಿಡುತ್ತಾರೆ. ಅದಕ್ಕೇ ಅವತ್ತು ಸಾಹೇಬರ ಎದುರು ಬೇಕೆಂದೇ ಸಮಬಾಹು ತ್ರಿಕೋನವನ್ನು ತಲೆಕೆಳಗು ಮಾಡಿ ಬರೆದು, "ಇದೇನು?" ಎಂದೆ. ಕೈಗೆ ಸಿಕ್ಕಿದ್ದು ಕೆಂಪು ಸೀಮೆಸುಣ್ಣ.

ಧಾರಾವಿಯಿಂದ ಬರುತ್ತಿದ್ದ, ವಿಜಾಪುರದ ಕಡೆಯ ಹುಡುಗಿ ಎದ್ದು ನಿಂತಳು. "ಇದು ತ್ರಿಕೋನ ಅಲ್ರಿ ಟೀಚರ್. ಮಕ್ಕಳು ಸಾಕು ಅಂತ ಹೇಳೂದು. ಬಸ್ಸಿನ ಮ್ಯಾಲ ಐತ್ರಿ."

ಕುಟುಂಬ ಯೋಜನೆಯ ತಲೆಕೆಳಗಾದ ಕೆಂಪು ತ್ರಿಕೋನ ಆಗ ಊರಿನ ಗೋಡೆಗೋಡೆಯ ಮೇಲೂ ಇತ್ತು. ಹಿಂದಿನ ಬೆಂಚು ಕಿಸಕ್ಕೆಂದಿತು. ಮದುವೆಯಾಗದ ಟೀಚರ್ ಇದೇನು ಬರೆದಳಪ್ಪ ಎಂದು ಹೆಡ್‌ಮಾಸ್ತರರ ಮುಖ ಬಿಳಿಚಿತು. ಸಾಹೇಬರು ಕೆಮ್ಮಿ, "ಅಳಿಸಿಬಿಡಿ. ಸರಿಯಾದ ತ್ರಿಕೋನ ಬರೀರಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಇದೂ ಸರಿಯಾದದ್ದೇ ಸರ್" ಎಂದೆ. ಡಸ್ಟರ್ ಮುಟ್ಟಲಿಲ್ಲ.

ಪೇಪರಿನಲ್ಲಿ ಅಂಥದೇ ತ್ರಿಕೋನ ಕತ್ತರಿಸಿ ಆ ಹುಡುಗಿಯ ಕೈಗಿಟ್ಟೆ. ನಡುವೆ ಮಡಿಸು ಎಂದೆ. ಒಂದು ಮೂಲೆ ಇನ್ನೊಂದರ ಮೇಲೆ ಸರಿಯಾಗಿ ಕೂತಿತು. ಬೇರೆ ಮೂಲೆಯಿಂದ ಮಡಿಸಿದರೂ ಅಷ್ಟೇ. ಆಮೇಲೆ ಮೂರೂ ಮೂಲೆ ಹರಿದು ಪಕ್ಕಪಕ್ಕ ಜೋಡಿಸಿದೆ. ಸ್ಕೇಲ್ ಇಟ್ಟು ನೋಡಿದರೆ ನೇರ ಗೆರೆ. ನೂರೆಂಬತ್ತನ್ನು ಮೂರು ಪಾಲು ಮಾಡಿ ತಲಾ ಅರವತ್ತು ಡಿಗ್ರಿ ಎಂದು ತರಗತಿಯೇ ಕೂಗಿ ಹೇಳಿತು.

"ಈಗ ಹೇಳು, ತಿರುಗಿಸಿದ್ದಕ್ಕೆ ಏನು ಬದಲಾಯ್ತು?"

ಅವಳು ಬೋರ್ಡನ್ನೇ ನೋಡಿದಳು. "ಏನೂ ಇಲ್ರಿ. ಹಂಗಾದ್ರ ಬಸ್ಸಿನ ಮ್ಯಾಲಿಂದೂ ತ್ರಿಕೋನನ ಅದ."

ಸಾಹೇಬರು ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡು ಎದ್ದುಹೋದರು. ಆಗ ಮಾತ್ರ ಅಪ್ಪ ನೋಡಿಟ್ಟ ಗಂಡು ನೆನಪಾದ.

ಸಂಜೆ ಹೆಡ್‌ಮಾಸ್ತರರು ಕರೆಸಿದರು. "ನಿಮ್ಮದು ಖಾಯಂ ಆಯ್ತು. ಆದ್ರೆ ಇನ್ನು ಮೇಲೆ ತಳ ಕೆಳಗಿರೋ ತ್ರಿಕೋನವನ್ನೇ ಬರೀಬೇಕಂತೆ, ಸಾಹೇಬರು ಹೇಳಿಹೋಗಿದ್ದಾರೆ."

"ಖಾಯಂ ಅಂದ್ರೆ ಖಾಯಮ್ಮೇ ತಾನೇ ಸರ್?" ಎಂದು ಕೇಳಿದೆ.

"ಹೌದಮ್ಮ, ಇನ್ನು ಯಾರೂ ತೆಗೆಯೋ ಹಾಗಿಲ್ಲ."

ಮರುದಿನ ಆರನೇ ತರಗತಿಗೂ ತಲೆಕೆಳಗಾದದ್ದನ್ನೇ ಬರೆದೆ.