ಇಲ್ಲದ ಕೋಳಿಯ ಹಿಂದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಮೊದಲ ಬಾಗಿಲ ಮುಂದೆ ನಿಂತು ಕೋಳಿಯಕ್ಕ ದನಿ ಎತ್ತುತ್ತಾರೆ: “ನಮ್ಮ ಕೋಳಿ ಈ ಕಡೆ ಬಂತೇನ್ರೀ?”

ಹಲ್ಲುಜ್ಜುತ್ತಿದ್ದ ಗಂಡಸು ನೊರೆ ಉಗುಳಿ ನಗುತ್ತಾನೆ. “ಇವತ್ತೂ ಓಡಿಹೋಯ್ತಾ? ನಿನ್ನ ಸಹವಾಸ ಸಾಕಾಗಿರಬೇಕು ಬಿಡಕ್ಕ ಅದಕ್ಕೆ.”

ಅಕ್ಕನೂ ನಗುತ್ತಾರೆ. ಮುಂದಿನ ಬಾಗಿಲಿಗೆ ಅದೇ ಮಾತು, ಅದರ ಮುಂದಿನದಕ್ಕೂ ಅದೇ. ಹಾಡುವವರು ನುಡಿ ಮುಗಿಸಿ ಪಲ್ಲವಿಗೆ ಮರಳುವ ಹಾಗೆ.

ಅವರ ಮನೆಯಲ್ಲಿ ಕೋಳಿಯೇ ಇಲ್ಲ. ಅಂಗಳದಲ್ಲಿ ಕವುಚಿಟ್ಟ ಬುಟ್ಟಿಯೊಂದಿದೆ, ನೋಡುವವರ ಕಣ್ಣಿಗೆಂದು.

ಊರಾಚೆಯ ಆರೋಗ್ಯ ಕೇಂದ್ರದಲ್ಲಿ ಅವರು ಆಯಾ. ನೆಲ ಒರೆಸುತ್ತಾರೆ, ಸಲಕರಣೆ ಕುದಿಸುತ್ತಾರೆ, ನರ್ಸಮ್ಮ ಪರೀಕ್ಷೆ ಮಾಡುವಾಗ ಮಲಗಿದವಳ ಕೈ ಹಿಡಿದುಕೊಳ್ಳುತ್ತಾರೆ. ಬಿಳಿಸೆರಗು, ನಿಲ್ಲದ ಮುಟ್ಟು, ಜಾರಿದ ಗರ್ಭಕೋಶ, ಬೇಡವಾದ ಬಸಿರು. ಗಂಡನಿಗೂ ಹೇಳದ್ದನ್ನು ಹೆಂಗಸರು ಆ ಪರದೆಯ ಹಿಂದೆ ಬಾಯಿಬಿಡುತ್ತಾರೆ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅವರನ್ನು ಮತ್ತೆ ಕರೆಸಬೇಕು. ಫೋನು ಗಂಡನ ಜೇಬಿನಲ್ಲಿರುತ್ತದೆ. ಆಯಾ ಒಂದೇ ಮನೆಯ ಮುಂದೆ ನಿಂತರೆ ಬೀದಿಗೆಲ್ಲ ಸುದ್ದಿ. ಹಾಗಾಗಿ ಅವರು ಎಲ್ಲ ಬಾಗಿಲಲ್ಲೂ ನಿಲ್ಲುತ್ತಾರೆ. ಕರೆ ಯಾರಿಗಿದೆಯೋ ಆ ಬಾಗಿಲಲ್ಲಿ ಮಾತ್ರ “ಕುಂಟೋ ಕೋಳಿ” ಎನ್ನುತ್ತಾರೆ. ಒಳಗಿನವಳು “ಹುಡುಕಿಕೊಡ್ತೀನಿ” ಎಂದರೆ ಬರುತ್ತಾಳೆ, “ನೋಡಿಲ್ಲ” ಎಂದರೆ ಇಲ್ಲ. ಇದನ್ನು ಪರದೆಯ ಹಿಂದೆಯೇ ಹೇಳಿಕೊಟ್ಟಿರುತ್ತಾರೆ.

“ಪೇಪರ್‌ನಲ್ಲಿ ಹಾಕೋವಾಗ ಪ್ರಾಣಿ ಬದಲಾಯಿಸಿಬಿಡಿ. ಕೋಳಿ ಅಂತ ಹಾಕಿ, ಯಾರಿಗೂ ಅನುಮಾನ ಬರಲ್ಲ,” ಎಂಬುದು ಪತ್ರಿಕೆಗೆ ಬರೆಯಲು ಬಂದ ನನಗೆ ಅವರು ಹಾಕಿದ ಒಂದೇ ಷರತ್ತು.

ಇವತ್ತಿನ ಕರೆ ಗೋಣಿಚೀಲ ಹೊಲಿಯುವ ಸೊಸೆಯೊಬ್ಬಳಿಗೆ. ಗರ್ಭಕೋಶದ ಬಾಯಲ್ಲಿ ಕಲೆ ಕಂಡಿದೆ. ಈಗಲೇ ದೊಡ್ಡಾಸ್ಪತ್ರೆಗೆ ಹೋದರೆ ತೆಗೆದುಹಾಕಬಹುದು, ಬಿಟ್ಟರೆ ಕ್ಯಾನ್ಸರಿಗೆ ತಿರುಗಬಹುದು. ಎರಡು ಸಲ ಕರೆದಾಗಲೂ ಅವಳು “ನೋಡಿಲ್ಲ” ಎಂದಿದ್ದಾಳೆ.

ಅಕ್ಕನ ತಂಗಿಗೂ ಹೀಗೇ ಆಗಿತ್ತು. ಕೇಂದ್ರದವರು ನೇರ ಮನೆಬಾಗಿಲಿಗೇ ಬಂದರು, ಬೀದಿ ನೋಡಿತು, ನಡತೆ ಸರಿಯಿಲ್ಲ ಎಂದಿತು. ತಂಗಿ ಆಮೇಲೆ ಬಾಗಿಲು ತೆಗೆಯಲಿಲ್ಲ. “ಕಾಯಿಲೆಗಿಂತ ಮುಂಚೆ ಮಾತು ತಿಂದುಹಾಕ್ತು ಅವಳನ್ನ,” ಎನ್ನುತ್ತಾರೆ ಅಕ್ಕ, ಸೆರಗಿನ ತುದಿ ಸುತ್ತುತ್ತ. ತಂಗಿ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ.

ಹೊರಗೂ ಅಷ್ಟೇ. ಪರದೆಯ ಹಿಂದೆ ಅವರ ಹೆಗಲಿಗೆ ಒರಗಿ ಅತ್ತವಳು ನಲ್ಲಿಯ ಹತ್ತಿರ ಸಿಕ್ಕರೆ ಕೊಡ ಪಕ್ಕಕ್ಕೆ ಎಳೆದುಕೊಂಡು ಮುಖ ತಿರುಗಿಸುತ್ತಾಳೆ. ಆಯಾಳ ಜೊತೆ ಬಳಕೆ ಇದೆ ಎಂದು ಬೀದಿಗೆ ಗೊತ್ತಾದರೆ ಕಷ್ಟ. ಯಾರ ಮನೆಯಲ್ಲೂ ಅವರಿಗೆ “ಒಳಗೆ ಬಾ” ಇಲ್ಲ. “ನಾನೇ ಹೇಳಿಕೊಟ್ಟಿದ್ದು, ಗುರುತಿಲ್ಲ ಅನ್ನೋ ಹಾಗಿರಿ ಅಂತ. ಚೆನ್ನಾಗೇ ಕಲಿತಿದ್ದಾರೆ,” ಎಂದು ನಗಲು ನೋಡುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಗೋಣಿಚೀಲದ ಮನೆ ಬರುತ್ತದೆ. ಹೊಸ್ತಿಲಲ್ಲಿ ನಿಂತವಳು ಅತ್ತೆ.

“ಅಲ್ಲ ಕಣೇ, ನೀನು ಹುಡುಕ್ತಿರೋದು ಕೋಳೀನೋ, ಕಳಕೊಂಡ ಬುದ್ಧೀನೋ? ಕಾಲಿಗೊಂದು ದಾರ ಕಟ್ಟಬಾರದಾ?”

“ಕುಂಟೋ ಕೋಳಿ ಅಜ್ಜಿ, ಕಟ್ಟೋಕೆ ಮನಸ್ಸು ಬರಲಿಲ್ಲ.” ಅಕ್ಕ ದನಿಯನ್ನು ಕೊಂಚ ಏರಿಸಿ ಒಳಗಿನ ಕತ್ತಲೆಗೆ ಹೇಳುತ್ತಾರೆ: “ಇನ್ನೂ ಚಿಕ್ಕದು. ಈಗ ಸಿಕ್ಕಿದ್ರೆ ಉಳಿಯುತ್ತೆ. ತಡ ಆದ್ರೆ ನಾಯಿ ಪಾಲು.”

ಒಳಗೆ ಗೋಣಿಯಲ್ಲಿ ದಬ್ಬಳ ಎಳೆಯುವ ಸದ್ದು ನಿಲ್ಲುತ್ತದೆ. ಆಮೇಲೆ ಸೊಸೆಯ ದನಿ ಬರುತ್ತದೆ.

“ಅತ್ತೆ, ಚೀಲ ಕೊಟ್ಟು ಬರೋವಾಗ ನಾನೇ ಹುಡುಕಿಕೊಡ್ತೀನಿ. ಪಾಪ, ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸು.”

“ಹೂಂ, ನಿನಗೆ ಬೇರೆ ಕೆಲಸ ಇಲ್ಲ,” ಎಂದು ಗೊಣಗುತ್ತ ಅತ್ತೆ ಒಳಗೆ ಹೋಗುತ್ತಾಳೆ.

ಅಕ್ಕನ ಕೆಲಸ ಮುಗಿದಿದೆ. ಆದರೆ ಅಲ್ಲಿಂದಲೇ ಹಿಂದಿರುಗುವ ಹಾಗಿಲ್ಲ. ಬೀದಿಯಲ್ಲಿ ಇನ್ನೂ ಬಾಗಿಲುಗಳಿವೆ. ಒಂದೊಂದರ ಮುಂದೆಯೂ ನಿಂತು ಕೇಳುತ್ತಾರೆ, ಒಂದೊಂದರಲ್ಲೂ ಬೈಸಿಕೊಳ್ಳುತ್ತಾರೆ.

ಮನೆಗೆ ಬಂದು ಖಾಲಿ ಬುಟ್ಟಿಯ ಸುತ್ತ ಒಂದು ಹಿಡಿ ಕಾಳು ಚೆಲ್ಲುತ್ತಾರೆ. ಗುಬ್ಬಿಗಳು ಇಳಿಯುತ್ತವೆ.

“ನಿಜವಾಗ್ಲೂ ಒಂದು ಕೋಳಿ ಸಾಕಬೇಕು ಅಂತ ಆಸೆ ನನಗೆ. ಮನೇಲಿ ಒಂದು ಜೀವ ಓಡಾಡಿಕೊಂಡಿರುತ್ತೆ. ಆದ್ರೆ ಅದು ದಿನಾ ಸಂಜೆ ಸರಿಯಾಗಿ ಗೂಡಿಗೆ ಬಂದುಬಿಟ್ರೆ,” ಎಂದು ಅಕ್ಕ ಬುಟ್ಟಿಯನ್ನು ಓರಣವಾಗಿ ಕವುಚಿಡುತ್ತಾರೆ, “ಬೆಳಗ್ಗೆ ನಾನು ಏನಂತ ಹುಡುಕಿಕೊಂಡು ಹೋಗಲಿ?”