ಮುಷ್ಟಿಯೊಳಗಿನ ಕೊಬ್ಬರಿ

ಅಕ್ಕಿಆಲೂರಿನ ಗಿರಣಿಯಲ್ಲಿ ಭತ್ತ ಒಣಗಿಸುವ ದುರಗವ್ವನ ಬಾಯಿಗೆ ಹೆದರದ ಹಮಾಲರಿಲ್ಲ. ಗಂಡ ಸತ್ತಾಗಲೂ ಯಾರ ಮುಂದೆಯೂ ಕೈ ಚಾಚದೆ ಮಗ ಬಸವೇಶನನ್ನು ಸಾಕಿದವಳು. ಆ ಮಗನಿಗೋ ಹೋರಿ ಬೆದರಿಸುವ ಹಬ್ಬದ ಹುಚ್ಚು. ಓಡುವ ಹೋರಿಯ ಕೊರಳಿಗೆ ಜೋತುಬಿದ್ದು ಕೊಬ್ಬರಿ ಸರ ಹರಿಯುವುದರಲ್ಲಿ ಅವನ ಪಕ್ಕೆಲುಬು ಮುರಿದಿತ್ತು, ಹಲ್ಲು ಉದುರಿದ್ದವು. "ಸಾಯಾಕ ಹುಟ್ಟೀಯೇನೋ?" ಎಂದು ಬೈಯುತ್ತಲೇ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದಳು.

ಹೋದ ದೀಪಾವಳಿಯಲ್ಲಿ ತಡಸದ ಕರಿಬಸಪ್ಪನ ಹೋರಿ 'ಸಿಡಿಲು' ಬಸವೇಶನ ಹೊಟ್ಟೆಗೆ ಕೊಂಬು ಹಾಕಿ, ಎತ್ತಿ ಬೇಲಿಗೆ ಒಗೆಯಿತು. ಕರುಳು ಹೊರಬಂದು ಸತ್ತ. ಮುಷ್ಟಿಯಲ್ಲಿ ಮಾತ್ರ ಹಸಿರು ರೇಷ್ಮೆ ದಾರದ ಕೊಬ್ಬರಿ ಬಿಗಿಯಾಗಿತ್ತು. ಹರಿದವನ ಕೈಯಿಂದ ಕೊಬ್ಬರಿ ಕಸಿಯಬಾರದೆಂದು ಹಾಗೆಯೇ ಹೂಳಿದರು.

ಈಗ ಹೋರಿ ಸಂಘದವರು ತಮ್ಮ ಕಟ್ಟಡದಲ್ಲಿ ಕೀರ್ತಿಗೋಡೆ ಮಾಡಿದ್ದಾರೆ. ಯಾರೂ ಕೊಬ್ಬರಿ ಹರಿಯಲಾಗದೆ ಸೋಲದೆ ಉಳಿದ ಹೋರಿಗಳಿಗೆ, ಅಂಥವನ್ನು ಸೋಲಿಸಿದ ಗಂಡಾಳುಗಳಿಗೆ ಅಲ್ಲಿ ಜಾಗ. ಅಧ್ಯಕ್ಷ ಶಿದ್ಲಿಂಗಪ್ಪ 'ಸಿಡಿಲಿ'ನ ಫೋಟೊಗೆ ಹಾರ ಹಾಕುವ ಹೊತ್ತಿಗೆ ದುರಗವ್ವ ನುಗ್ಗಿದಳು.

"ಅದು ಸೋತೈತಿ! ನನ್ನ ಮಗ ಹರದಾನ. ಅಂವನ ಫೋಟೊ ಹಾಕ್ರಿ."

"ಆ ದೂಳಾಗ ಯಾರ ನೋಡ್ಯಾರಬೇ? ಅದು ಬ್ಯಾರೆ ಹೋರಿ ಕೊಬ್ಬರಿ ಇರಬೇಕು," ಎಂದ ಶಿದ್ಲಿಂಗಪ್ಪ.

"ಹಸರ ದಾರ ಕಟ್ಟಾಂವ ಕರಿಬಸಪ್ಪ ಒಬ್ಬನ. ಅಂವನ ಕುಣಿ ಅಗದ ನೋಡ್ರಿ!"

ಫೋಟೊದ ಪಕ್ಕದಲ್ಲೇ ನಿಂತಿದ್ದ ಕರಿಬಸಪ್ಪ ಬಾಯಿ ಬಿಡಲಿಲ್ಲ. ಅವನ ಕಡೆಯವರು ಅವಳ ರಟ್ಟೆ ಹಿಡಿದು ಹೊರಗೆ ದಬ್ಬಿದರು. ಮೆಟ್ಟಿಲಿಗೆ ಹಣೆ ಬಡಿದು ರಕ್ತ ಸುರಿಯಿತು. ಹೋರಿಗೆ ಹೆದರದ ಗಂಡಸರು ಒಂಟಿ ಹೆಂಗಸಿನ ಮಾತಿಗೆ ಹೆದರಿದ್ದು ನೋಡಿ!

ಅವಳು ರಕ್ತ ಒರೆಸಿಕೊಳ್ಳಲಿಲ್ಲ. ಮನೆಯಿಂದ ಗುದ್ದಲಿ ತಂದು ಮಗನ ಕುಣಿಯನ್ನು ಅಗೆಯತೊಡಗಿದಳು. ಊರೇ ಹಿಂದೆ ಬಂತು. ತಡೆಯಹೋದವನೊಬ್ಬನ ಮೊಣಕಾಲಿಗೆ ಗುದ್ದಲಿಯ ಹಿಡಿಕೆಯಿಂದ ಬೀಸಿದಳು. ಅವನು ಅಲ್ಲೇ ಕುಸಿದ. ಮತ್ತೆ ಯಾರೂ ಹತ್ತಿರ ಸುಳಿಯಲಿಲ್ಲ. ಮಣ್ಣಿನೊಳಗಿಂದ ಹೊದಿಸಿದ ಬಟ್ಟೆಯ ಚುಂಗು ಕಂಡಾಗ ಅವಳು ಊಳಿಟ್ಟಳು, ಆದರೂ ಗುದ್ದಲಿ ಬಿಡಲಿಲ್ಲ.

ಆಗ ಕರಿಬಸಪ್ಪ ಕುಣಿಗೆ ಜಿಗಿದು ಅವಳ ಕೈ ಹಿಡಿದುಕೊಂಡ. "ಸಾಕ ಮಾಡಬೇ ಯವ್ವಾ! ಹೋರಿ ಹಿಡಿದು ಕಟ್ಟಿದಾಗ ನಾನ ನೋಡೇನಿ. ಕೊರಳಾಗ ಸರ ಇರಲಿಲ್ಲ. ನಿನ್ನ ಮಗನ ಹರದಾನ."

ದುರಗವ್ವ ಅವನ ಕಪಾಳಕ್ಕೆ ಬಾರಿಸಿದಳು. ಮತ್ತೆ ಬಾರಿಸಿದಳು. ಅವನು ಕೈ ಅಡ್ಡ ತರಲಿಲ್ಲ.

"ಈ ಮಾತು ಅಲ್ಲೇ ಆಡಿದ್ರ ನಿನ್ನ ಗಂಟೇನ ಹೋಗ್ತಿತ್ತು? ನನ್ನ ಕೈಲೇ ನನ್ನ ಮಗನ ಕುಣಿ ಅಗಿಸಿದೆಲ್ಲೋ!"