ಕೊಂಬು ಊದುತ್ತಿದ್ದ ಹನಾನ್ಯ

ಗಲಿಲಿಯ ಗುಡ್ಡಗಳ ನಡುವೆ, ಲೆಬನಾನ್ ಗಡಿಗೆ ಹತ್ತಿರದ ಆ ಊರಿನ ಯೆಶಿವದಲ್ಲಿ, ಅಂದರೆ ಯೆಹೂದಿ ಧರ್ಮಪಾಠಶಾಲೆಯಲ್ಲಿ, ಯಾರಾದರೂ ಸದ್ದಿಲ್ಲದೆ ಓದುತ್ತಿದ್ದರೆ, ಮೈ ಹುಷಾರಿಲ್ಲವೇನೋ ಎಂದು ವಿಚಾರಿಸುತ್ತಿದ್ದರು. ಧರ್ಮಶಾಸ್ತ್ರದ ಗ್ರಂಥವಾದ ತಾಲ್ಮುಡ್ ಓದುವುದೆಂದರೆ ಬಾಯಿಬಿಟ್ಟು ಓದುವುದು. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಕೆಡವಿ, ಮೇಜು ಗುದ್ದಿ, ಕೂಗಾಡಿ, ಕೊನೆಗೆ ಒಂದು ಸಾಲು ದಾಟುವುದು. ಇನ್ನೂರೈವತ್ತು ಹುಡುಗರು ಒಟ್ಟಿಗೆ ಹೀಗೆ ಓದುವಾಗ ಹೊರಗಿನಿಂದ ಬಂದವನಿಗೆ ಸಂತೆಗೆ ಬಂದಂತೆ ಆಗುತ್ತಿತ್ತು. ಆ ಗದ್ದಲದಲ್ಲಿ, ಕಿಟಕಿ ಪಕ್ಕದ ಬೆಂಚಿನಲ್ಲಿ, ಹನಾನ್ಯ ದಬ್ಬುಷ್ ಮತ್ತು ಗೆರ್ಶೋನ್ ಲಿಫ್ಶಿಟ್ಸ್ ಎಂಬ ಇಬ್ಬರು ಮೂವತ್ತೊಂದು ವರ್ಷ ಜಗಳವಾಡಿದರು.

ಹನಾನ್ಯ ಆ ಊರಿನವನೇ. ಅಪ್ಪ ಮೊರಾಕೊದಿಂದ ಹಡಗಿನಲ್ಲಿ ಬಂದು ಅಲ್ಲಿನ ಬಟ್ಟೆ ಗಿರಣಿ ಸೇರಿದವನು. ಹೊಸ ವರ್ಷದ ಹಬ್ಬಕ್ಕೆ ಕೇರಿಯ ಪ್ರಾರ್ಥನಾಮಂದಿರದಲ್ಲಿ ಟಗರಿನ ಕೊಂಬು ಊದುತ್ತಿದ್ದವನೂ ಆ ಅಪ್ಪನೇ. ಗೆರ್ಶೋನ್ ಹೈಫಾದ ವಕೀಲರೊಬ್ಬರ ಮಗ. ಇಬ್ಬರೂ ಹದಿನೆಂಟಕ್ಕೆ ಯೆಶಿವಕ್ಕೆ ಸೇರಿದರು. ಅಲ್ಲಿಯ ಕರಾರು ಐದು ವರ್ಷದ್ದು: ಒಂದಷ್ಟು ಓದು, ನಡುವೆ ಸೈನ್ಯ, ಮತ್ತೆ ಓದು. ಹಸಿರು ಸಮವಸ್ತ್ರ ಕಳಚಿ, ಬಿಳಿ ಅಂಗಿ ತೊಟ್ಟು, ಬಿಟ್ಟುಹೋದ ಸಾಲಿನಿಂದಲೇ ಹಿಡಿಯಬೇಕು. ಇಬ್ಬರನ್ನೂ ಒಂದೇ ಟ್ಯಾಂಕಿಗೆ ಹಾಕಿದರು. ಗೆರ್ಶೋನ್ ಗುರಿ ಹಿಡಿಯುವವನು, ಹನಾನ್ಯ ಗುಂಡು ತುಂಬುವವನು.

ಎಂಬತ್ತೆರಡರ ಬೇಸಿಗೆಯಲ್ಲಿ ಗಡಿಯಾಚೆ ಲೆಬನಾನಿನಲ್ಲಿ ಯುದ್ಧ ಹತ್ತಿಕೊಂಡಿತು. ಅವರ ಟ್ಯಾಂಕಿಗೆ ಹೊರಗಿನಿಂದ ಏನೂ ತಾಗಲಿಲ್ಲ. ಹನಾನ್ಯನನ್ನು ಕೆಡಿಸಿದ್ದು ಅವರದೇ ಫಿರಂಗಿ. ಮೊದಲ ದಿನವೇ ಅವನ ಶಿರಸ್ತ್ರಾಣದ ತಂತಿ ಕಿತ್ತುಹೋಗಿ, ಮೇಲಿನವರ ಆಜ್ಞೆ ಕೇಳಿಸದಾಯಿತು. ಅದನ್ನು ತೆಗೆದೆಸೆದು ಎರಡು ದಿನ ಬರಿಗಿವಿಯಲ್ಲೇ ಗುಂಡು ತುಂಬಿದ. ಆ ಗುಂಡುಗಳು ಯಾರ ಮನೆಯ ಮೇಲೆ ಬಿದ್ದವೋ, ಒಳಗಿದ್ದವನಿಗೆ ಕಾಣಲಿಲ್ಲ. ಆಮೇಲೆ ಯಾರೂ ಹೇಳಲೂ ಇಲ್ಲ. ಮೂರನೆಯ ದಿನ ಎಲ್ಲ ನಿಂತ ಮೇಲೂ ಅವನ ತಲೆಯೊಳಗೆ ಒಂದು ಸಣ್ಣ ಸೀಟಿ ನಿಲ್ಲಲಿಲ್ಲ. ವೈದ್ಯರ ಡೇರೆಯ ಮುಂದೆ ಸಾಲಿನಲ್ಲಿ ನಿಂತ. ಅವನ ಮುಂದಿದ್ದವನಿಗೆ ಮೊಣಕೈಯಿಂದ ಕೆಳಗೆ ಕೈಯೇ ಇರಲಿಲ್ಲ. ಹನಾನ್ಯ ಸಾಲು ಬಿಟ್ಟು ಬಂದುಬಿಟ್ಟ.

ಗೆರ್ಶೋನ್ ಕೇಳಿದ್ದ: "ಡಾಕ್ಟರು ಏನಂದ್ರೋ?"

"ನೀನು ಬಾಯಿ ಮುಚ್ಕೊಂಡಿದ್ರೆ ವಾಸಿ ಆಗುತ್ತಂತೆ."

ಐದು ವರ್ಷ ಮುಗಿದರೂ ಇಬ್ಬರೂ ಯೆಶಿವ ಬಿಡಲಿಲ್ಲ. ಗೆರ್ಶೋನ್ ಹಿರಿಯ ತರಗತಿಗೆ ಪಾಠ ಹೇಳಿದ, ಹನಾನ್ಯ ಹೊಸದಾಗಿ ಬಂದ ಹುಡುಗರಿಗೆ ಹೇಳಿದ. ಶಿಶುವಿಹಾರದ ಟೀಚರ್ ಓಸ್ನತ್‌ಳನ್ನು ಮದುವೆಯಾದ, ಮೂರು ಹೆಣ್ಣುಮಕ್ಕಳಾದರು. ಅಪ್ಪ ತೀರಿಕೊಂಡ ಮೇಲೆ ಅವನ ಕೊಂಬು ಮಗನ ಕೈಗೆ ಬಂತು. ಮೊದಲ ವರ್ಷ ಯೆಶಿವದಲ್ಲಿ ಅವನು ಊದಿದ್ದನ್ನು ಕೇಳಿದ ಮುದುಕರು, "ಅಪ್ಪನ ಉಸಿರು ಹೋಗಿಲ್ಲ, ಮಗನ ಎದೆಯಲ್ಲಿದೆ" ಎಂದು ಕಣ್ಣೊರೆಸಿಕೊಂಡರು. ಹನಾನ್ಯ ದೊಡ್ಡ ಪಂಡಿತನಲ್ಲ, ಅದು ಅವನಿಗೂ ಗೊತ್ತಿತ್ತು. ಆದರೆ ವರ್ಷಕ್ಕೆ ಎರಡು ದಿನ, ಗಂಡಸರು, ಹೆಂಗಸರು, ಹುಡುಗರು ಸೇರಿ ಏಳುನೂರು ಜನ ಉಸಿರು ಬಿಗಿಹಿಡಿದು ಅವನ ಬಾಯಿಯನ್ನೇ ನೋಡುತ್ತಿದ್ದರು. ಇಪ್ಪತ್ಮೂರು ವರ್ಷ ಅವನು ಊದಿದ.

ಕಿವಿ ಹೋದದ್ದು ಯಾವಾಗ ಎಂದು ಅವನಿಗೇ ಹೇಳಲು ಬರುತ್ತಿರಲಿಲ್ಲ. ಮೊದಲು ಹಕ್ಕಿಗಳು ಹೋದವು. ಆಮೇಲೆ ಕೊನೆಯ ಮಗಳ ಮಾತು. ನಲವತ್ತು ದಾಟುವ ಹೊತ್ತಿಗೆ ಅರ್ಧ ಕೇಳಿಸಿಕೊಂಡು ಅರ್ಧ ಊಹಿಸುತ್ತಿದ್ದ. ಐವತ್ತು ಸಮೀಪಿಸುವ ಹೊತ್ತಿಗೆ ಪೂರ್ತಿ ಊಹೆಯೇ.

ಓಸ್ನತ್‌ಗೆ ತಿಳಿಯದೆ ಇರುತ್ತದೆಯೇ? "ಡಾಕ್ಟರ ಹತ್ರ ಹೋಗು ಅಂದ್ರೆ ಅಂಗಡಿಗೆ ಹೋಗಿ ಬ್ರೆಡ್ ತರ್ತೀಯ. ಇದು ಕಿವುಡಾ, ನಾಟಕಾನಾ?" ಎಂದು ಮುಖದ ಮುಂದೆ ನಿಂತು ಕೂಗುತ್ತಿದ್ದಳು.

"ಬ್ರೆಡ್ಡು ಖಾಲಿ ಆಗಿತ್ತಲ್ಲ," ಎನ್ನುತ್ತಿದ್ದ ಹನಾನ್ಯ.

ಬೆಂಚಿನಲ್ಲಿ ಮಾತ್ರ ಗುಟ್ಟು ರಟ್ಟಾಗಲಿಲ್ಲ. ಗೆರ್ಶೋನನ ತುಟಿ ಅವನಿಗೆ ಪುಸ್ತಕದಂತೆ ಆಗಿತ್ತು. ಯಾವ ಪ್ರಶ್ನೆಗೆ ತುಟಿ ಓರೆಯಾಗುತ್ತದೆ, ಯಾವ ಉತ್ತರಕ್ಕೆ ಮುಂದೆ ಚಾಚುತ್ತದೆ ಎಂಬುದೆಲ್ಲ ಬಾಯಿಪಾಠ. ಸಿಗದಿದ್ದರೆ ಮೇಜು ಗುದ್ದಿ, "ಹುರುಳಿಲ್ಲ ನಿನ್ನ ಮಾತಲ್ಲಿ, ಇನ್ನೊಂದ್ಸಲ ಹೇಳು!" ಎಂದು ಗದರುತ್ತಿದ್ದ. ಗೆರ್ಶೋನ್ ಕೆರಳಿ ಮತ್ತೊಮ್ಮೆ ಹೇಳುತ್ತಿದ್ದ. ಗೆಳೆಯನ ಬುದ್ಧಿ ವಯಸ್ಸಾದಂತೆ ಹರಿತವಾಗುತ್ತಿದೆ ಎಂದೇ ಅವನು ನಂಬಿದ್ದ.

ಆ ವರ್ಷದ ಜುಲೈಯಲ್ಲಿ ಗೆರ್ಶೋನನ ತಂದೆ ತೀರಿಕೊಂಡರು. ಏಳು ದಿನ ನೆಲದ ಮೇಲೆ ಕೂತು ದುಃಖ ಕಳೆದು ಅವನು ಬೆಂಚಿಗೆ ಮರಳಿದಾಗ, ಮುಖದಲ್ಲಿ ಸೂತಕದ ಗಡ್ಡ ಎದ್ದಿತ್ತು. ಮೀಸೆ ಬೆಳೆಬೆಳೆದು ಮೇಲ್ದುಟಿಯನ್ನು ಮುಚ್ಚಿತು. ಹೆತ್ತವರು ಹೋದರೆ ಮೂವತ್ತು ದಿನ ಕಳೆದರೂ ಗಡ್ಡ ತೆಗೆಯುವ ಹಾಗಿಲ್ಲ. ಸ್ನೇಹಿತರು ನೋಡಿ, ಸಾಕು, ಬೋಳಿಸಿಕೋ ಎಂದು ಬೈಯುವವರೆಗೆ ಬಿಡಬೇಕು. ಹನಾನ್ಯ ದಿನ ಎಣಿಸಿದ. ಮೂವತ್ತೊಂದನೆಯ ದಿನ ಬೆಳಿಗ್ಗೆ ಗೆರ್ಶೋನ್ ಪುಸ್ತಕ ತೆರೆಯುವ ಮುಂಚೆಯೇ ಶುರುಮಾಡಿದ.

"ಏನೋ ಇದು, ಕಾಡುಮನುಷ್ಯನ ಹಾಗೆ! ನಾಚಿಕೆ ಇಲ್ವಾ? ಬೋಳಿಸ್ಕೊ ಹೋಗು!"

ಗೆರ್ಶೋನ್ ಏನೋ ಹೇಳಿದ. ಮೀಸೆ ಅಲುಗಿತು, ಅಷ್ಟೇ.

"ಹೌದು ಹೌದು, ನಿಮ್ಮಪ್ಪಂಗೂ ಅದೇ ಇಷ್ಟ," ಎಂದ ಹನಾನ್ಯ.

ಗೆರ್ಶೋನ್ ಅವನನ್ನು ದಿಟ್ಟಿಸಿದ. ಪುಸ್ತಕವನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದ. ಹನಾನ್ಯನಿಗೆ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಪುಸ್ತಕ ಕೆಳಗಿಳಿಸಿ, ಮೀಸೆಯನ್ನು ಎರಡು ಬೆರಳಿನಿಂದ ಮೇಲೆತ್ತಿ, ನಿಧಾನವಾಗಿ ಕೇಳಿದ: "ಈಗ ನಾನೇನಂದೆ?"

ಹನಾನ್ಯ ಕಿಟಕಿಯ ಕಡೆ ನೋಡಿದ. ಗೆರ್ಶೋನ್ ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ.

"ಎಷ್ಟು ವರ್ಷ ಆಯ್ತೋ?"

"ಗೊತ್ತಿಲ್ಲ."

"ನನ್ನ ಹತ್ರಾನೂ ಹೇಳ್ಲಿಲ್ವಲ್ಲ. ಒಂದೇ ಟ್ಯಾಂಕಲ್ಲಿ ಬೆಂದೋರು ನಾವು."

"ಹೇಳಿದ್ರೆ ನೀನು ಬೇರೆ ಜೊತೆಗಾರನ್ನ ನೋಡ್ಕೋತಿದ್ದೆ."

"ಥೂ ನಿನ್ನ!" ಎಂದ ಗೆರ್ಶೋನ್, ಮೀಸೆಯಿಂದ ಬೆರಳು ತೆಗೆದು. ಇದು ಮಾತ್ರ ಮೀಸೆಯ ಮೇಲಿಂದಲೂ ಹನಾನ್ಯನಿಗೆ ಅರ್ಥವಾಯಿತು.

ಆದರೆ ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಬೆಂಚಿನ ಮಾತಲ್ಲ. ಹೊಸ ವರ್ಷಕ್ಕೆ ಇನ್ನು ಮೂರೂವರೆ ವಾರವಿತ್ತು. ಕೊಂಬಿಗೆ ತುಟಿ ಇಡುವ ಮುಂಚೆ ಹೇಳುವ ಮಂತ್ರದಲ್ಲಿ, "ಕೊಂಬಿನ ದನಿ ಕೇಳಬೇಕೆಂದು ನಮಗೆ ಆಜ್ಞಾಪಿಸಿದವನೇ" ಎಂದಿದೆ. ಊದಬೇಕೆಂದಲ್ಲ, ಕೇಳಬೇಕೆಂದು. ಕೇಳುವ ಬಾಧ್ಯತೆ ಇಲ್ಲದವನು ಊದಿದರೆ ಕೇಳಿದವರಿಗೂ ಅದು ಸಲ್ಲುವುದಿಲ್ಲ. ಕಿವುಡ, ಹುಚ್ಚ, ಎಳೆಯ ಮಗು ಊದುವಂತಿಲ್ಲ ಎಂಬ ಸಾಲನ್ನು ಹನಾನ್ಯನೇ ಪ್ರತಿ ವರ್ಷ ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದ. ಮಾತು ಬಂದರೂ ಕಿವಿ ಕೇಳದವನು ಉಳಿದೆಲ್ಲದಕ್ಕೂ ಪೂರ್ತಿ ಮನುಷ್ಯನೇ, ಇದೊಂದಕ್ಕೆ ಮಾತ್ರ ಅಲ್ಲ ಎಂದೂ ಬಿಡಿಸಿ ಹೇಳುತ್ತಿದ್ದ. ಹಾಗೆ ಹೇಳುವಾಗ ಅವನ ದನಿ ಒಮ್ಮೆಯೂ ತಡವರಿಸಿರಲಿಲ್ಲ.

ಎರಡು ದಿನ ಬಿಟ್ಟು ಅವನೇ ಗೆರ್ಶೋನನನ್ನು ಕರೆದುಕೊಂಡು ಯೆಶಿವದ ಹಿರಿಯ ಧರ್ಮಗುರು ರಬ್ಬಿ ಊಜಿಯೇಲರ ಕೋಣೆಗೆ ಹೋದ. ಎಂಬತ್ತು ಸಮೀಪಿಸಿದ್ದ ಅವರು ಎಲ್ಲವನ್ನೂ ಕೇಳಿ, ಗದರಲಿಲ್ಲ.

"ಸ್ವಲ್ಪ ಮಂದ ಆದ್ರೆ ಕಿವುಡು ಅನ್ನಕ್ಕಾಗಲ್ಲಪ್ಪ. ಕೊಂಬಿನ ದನಿ ಒಂದು ಕಿವಿಗೆ ಬಿದ್ರೂ ಸಾಕು. ನೋಡೇಬಿಡೋಣ."

ಹನಾನ್ಯನನ್ನು ಕಿಟಕಿಯ ಕಡೆ ಮುಖ ಮಾಡಿ ನಿಲ್ಲಿಸಿದರು. ಹಿಂದೆ ಗೆರ್ಶೋನ್ ಕೊಂಬು ಹಿಡಿದು ಕೂತ. ದನಿ ಕೇಳಿದಾಗಲೆಲ್ಲ ಕೈ ಎತ್ತಬೇಕು. ಕಿಟಕಿಯ ಆಚೆ ಒಣಗಿದ ಗುಡ್ಡ, ಅದರ ಮೇಲೆ ಸೈನ್ಯದ ಗೋಪುರ. ಹನಾನ್ಯ ಕಣ್ಣು ಮುಚ್ಚಿ ಮೈಯೆಲ್ಲ ಕಿವಿಯಾಗಿ ನಿಂತ. ಬಂತು, ಅಪ್ಪನ ಕೊಂಬಿನ ಆ ಉದ್ದನೆಯ ದನಿ! ಕೈ ಎತ್ತಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಇನ್ನೂ ಸ್ಪಷ್ಟವಾಗಿ. ಎತ್ತಿದ. ಮೂರನೆಯ ಸಲವೂ ಎತ್ತಿದ. ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಸುಮ್ಮನೆ ಹೆದರಿದೆನಲ್ಲ ಎಂದು ನಗುತ್ತ ತಿರುಗಿದ.

ಗೆರ್ಶೋನನ ತೊಡೆಯ ಮೇಲೆ ಕೊಂಬು ಮಲಗಿತ್ತು. ಅವನ ಮುಖ ಬಿಳಿಚಿಕೊಂಡಿತ್ತು.

"ಊದಿದೆಯಲ್ಲೋ? ಮೂರು ಸಲ?"

ಗೆರ್ಶೋನ್ ರಬ್ಬಿಯನ್ನು ನೋಡಿದ. ರಬ್ಬಿ ತಮ್ಮ ಕೈಗಳನ್ನು ನೋಡಿಕೊಂಡರು. ಕೊನೆಗೆ ಗೆರ್ಶೋನ್ ಐದು ಬೆರಳೆತ್ತಿ ತೋರಿಸಿ, ತುಟಿ ಬಿಡಿಸಿ ಬಿಡಿಸಿ ಹೇಳಿದ: "ಐದು ಸಲ ಊದಿದೆ. ನೀನು ಕೈ ಎತ್ತಿದಾಗ ಒಂದ್ಸಲಾನೂ ಊದಿರಲಿಲ್ಲ."

ಅವನ ತಲೆಯೊಳಗೆ ದನಿ ಆಗಲೂ ಮೊಳಗುತ್ತಲೇ ಇತ್ತು.

"ಹಾಗಾದ್ರೆ ಹಿಂದಿನ ವರ್ಷಗಳದ್ದು?" ಎಂದ ಹನಾನ್ಯ. "ಏಳುನೂರು ಜನ ಗುರುಗಳೇ. ಎಷ್ಟು ವರ್ಷದ್ದು ಹಾಳಾಯ್ತು?"

ರಬ್ಬಿ ಕಾಗದ ತೆಗೆದುಕೊಂಡು ಬರೆದರು: ಗೊತ್ತಾದ ಹೊತ್ತಿನಿಂದ ಮಾತ್ರ ಲೆಕ್ಕ. ಅದರ ಹಿಂದಿನದೆಲ್ಲ ಸರಿಯಾಗಿತ್ತೆಂದೇ ತಿಳಿಯಬೇಕು.

ಹನಾನ್ಯ ಅದನ್ನು ಓದಿದ. "ನನಗೆ ಗೊತ್ತಿತ್ತಲ್ಲ ಗುರುಗಳೇ," ಎಂದ.

ರಬ್ಬಿ ಗೆರ್ಶೋನನ ತೊಡೆಯಿಂದ ಕೊಂಬನ್ನು ತೆಗೆದು ಮೇಜಿನ ಮೇಲಿಟ್ಟರು.

ಆ ವರ್ಷ ಗೆರ್ಶೋನನ ಅಳಿಯ ಊದಿದ. ಹಬ್ಬ ಕಳೆದ ಮೇಲೆ ಓಸ್ನತ್ ಗಂಡನನ್ನು ಹೈಫಾದ ಕಿವಿ ವೈದ್ಯೆಯ ಹತ್ತಿರ ಎಳೆದುಕೊಂಡು ಹೋದಳು. ಆಕೆ ಗ್ರಾಫು ನೋಡಿ, ಮೂವತ್ತು ವರ್ಷದ ಹಿಂದೆ ಬರಬೇಕಿತ್ತು ಎಂದಳು. ಆಗ ಬಂದಿದ್ದರೂ ನರ ಬದುಕುತ್ತಿತ್ತೆಂದು ಹೇಳಲಾರೆ ಎಂದೂ ಸೇರಿಸಿದಳು. ಎರಡು ಕಿವಿಗೂ ಯಂತ್ರ ಕೊಟ್ಟಳು. ಅದು ಸದ್ದನ್ನು ದೊಡ್ಡದು ಮಾಡುತ್ತಿತ್ತು, ಮಾತನ್ನು ಬಿಡಿಸುತ್ತಿರಲಿಲ್ಲ. ಯೆಶಿವದ ಪಡಸಾಲೆಯಲ್ಲಿ ಅದನ್ನು ಹಾಕಿಕೊಂಡ ಮೊದಲ ದಿನ, ಇನ್ನೂರೈವತ್ತು ಹುಡುಗರ ಕೂಗು ತಗಡು ಬಡಿದಂತೆ ತಲೆಗೆ ನುಗ್ಗಿ ಹನಾನ್ಯ ಹೊರಗೆ ಓಡಿಹೋಗಿ ವಾಂತಿ ಮಾಡಿಕೊಂಡ. ಯಂತ್ರದಲ್ಲಿ ಕೇಳಿದ್ದು ಕೊಂಬಿನ ದನಿಯಲ್ಲ, ಯಂತ್ರದ ದನಿ ಎಂದು ಬಲ್ಲವರು ತೀರ್ಪು ಕೊಟ್ಟಿದ್ದರು. ಹಾಗಾಗಿ ಯಂತ್ರ ಹಾಕಿಕೊಂಡು ಊದುವ ಆಸೆಯೂ ಮುಗಿಯಿತು.

ಪಾಠವೂ ಹೆಚ್ಚು ದಿನ ನಡೆಯಲಿಲ್ಲ. ಹುಡುಗನೊಬ್ಬ ಎದ್ದು ನಿಂತು, ತನ್ನ ಅಣ್ಣ ಗಡಿಯಲ್ಲಿ ಗಾಯಗೊಂಡಿದ್ದಾನೆ, ಆಸ್ಪತ್ರೆಗೆ ಹೋಗಬೇಕು ಎಂದು ಕೇಳಿದಾಗ, ಪ್ರಶ್ನೆ ಕೇಳುತ್ತಿದ್ದಾನೆಂದು ತಿಳಿದ ಹನಾನ್ಯ, "ಒಳ್ಳೇ ವಿಚಾರ ಕಣೋ, ನಾಳೆ ವಿಸ್ತಾರವಾಗಿ ನೋಡೋಣ, ಕೂತ್ಕೊ" ಎಂದು ಬೆನ್ನು ತಟ್ಟಿದ. ಯಾರೂ ನಗಲಿಲ್ಲ. ಅವರು ನಗದಿದ್ದುದನ್ನು ನೋಡಿಯೇ ಏನೋ ತಪ್ಪಾಗಿದೆಯೆಂದು ಅವನಿಗೆ ತಿಳಿಯಿತು. ಮರುವಾರ ಅವನಾಗಿಯೇ ತರಗತಿ ಬಿಟ್ಟ. ಪುಸ್ತಕಗಳ ಹರಿದ ಬೆನ್ನು ಅಂಟಿಸುವ ಕೆಲಸ ಕೊಟ್ಟರು.

ಗೆರ್ಶೋನ್ ಬೆಂಚು ಬಿಡಲಿಲ್ಲ. ಗಡ್ಡ ಮೀಸೆ ಎರಡನ್ನೂ ನುಣ್ಣಗೆ ಬೋಳಿಸಿಕೊಂಡು ಬಂದು ಕೂರುತ್ತಿದ್ದ, ತುಟಿ ಸಾಲದಿದ್ದರೆ ಬರೆದು ತೋರಿಸುತ್ತಿದ್ದ. ಆದರೆ ಬರೆದು ಜಗಳವಾಡಲು ಆಗುತ್ತದೆಯೇ? ಒಂದು ಬೆಳಿಗ್ಗೆಯಲ್ಲಿ ಅರ್ಧ ಪುಟ ದಾಟುತ್ತಿದ್ದವರು ಎರಡು ಸಾಲು ದಾಟಿದರೆ ಹೆಚ್ಚು. ಗೆರ್ಶೋನ್ ಈಗ ಅವನನ್ನು ಬೈಯುತ್ತಿರಲಿಲ್ಲ, ಒಪ್ಪಿಕೊಂಡುಬಿಡುತ್ತಿದ್ದ. ಹನಾನ್ಯ ಬೇಕೆಂದೇ ಒಂದು ದಿನ ಶುದ್ಧ ಮೂರ್ಖತನದ ಅರ್ಥ ಹೇಳಿದ. ಗೆರ್ಶೋನ್ ತಲೆಯಾಡಿಸಿ ಪುಟ ತಿರುವಿದ.

"ಸಾಕು ಬಿಡೋ," ಎಂದ ಹನಾನ್ಯ. "ಬೇರೆ ಯಾರನ್ನಾದ್ರೂ ನೋಡ್ಕೊ."

ಗೆರ್ಶೋನ್ ಕಾಗದ ಎಳೆದುಕೊಂಡ. ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಎದ್ದು ಹೋದ. ಹದಿನೈದು ದಿನ ಬಿಟ್ಟು ಅವನು ಬಾಗಿಲ ಪಕ್ಕದ ಬೆಂಚಿನಲ್ಲಿ, ಅಳಿಯನ ಎದುರು ಕೂತು ಮೇಜು ಗುದ್ದುತ್ತಿದ್ದುದನ್ನು ಹನಾನ್ಯ ದೂರದಿಂದ ನೋಡಿದ. ಗುದ್ದಿದ ಸದ್ದು ಕೇಳಿಸದಿದ್ದರೂ, ಗೆರ್ಶೋನನ ಮುಖ ಕೆಂಪೇರಿದ್ದು ಕಂಡಿತು. ಎಷ್ಟೋ ತಿಂಗಳಿಂದ ಅವನನ್ನು ಅಷ್ಟು ಖುಷಿಯಲ್ಲಿ ಕಂಡಿರಲಿಲ್ಲ.

ಹೊಸ ವರ್ಷದ ದಿನ ಕೊಂಬು ಊದುವ ಹೊತ್ತಿಗೆ ಹನಾನ್ಯ ಒಳಗೆ ನಿಲ್ಲುವುದನ್ನು ಬಿಟ್ಟ. ನಿಂತರೂ ಬಿಟ್ಟರೂ ಒಂದೇ. ಅವನ ಮೇಲೆ ಆಜ್ಞೆಯೇ ಇರಲಿಲ್ಲ, ಮುರಿದರೆ ಪಾಪವೂ ಇರಲಿಲ್ಲ. ಅಂಗಳದಲ್ಲಿ ಎಳೆಯ ಮಕ್ಕಳನ್ನು ಹಿಡಿದುಕೊಂಡು ತಾಯಂದಿರು ಪೇಚಾಡುವುದನ್ನು ನೋಡಿ, "ಕೊಡ್ರಮ್ಮ, ನಾನು ನೋಡ್ಕೋತೀನಿ, ನೀವು ಹೋಗಿ ಕೇಳಿಸ್ಕೊಂಡು ಬನ್ನಿ," ಎಂದ. ಅವರು ಖುಷಿಯಿಂದ ಮಕ್ಕಳನ್ನು ಬಿಟ್ಟು ಒಳಗೆ ಹೋದರು. ಎರಡು ವರ್ಷ ಹಾಗೆ ನಡೆಯಿತು. ಓಸ್ನತ್ ಕೂಡ, "ಅಷ್ಟಾದ್ರೂ ಆಯ್ತಲ್ಲ," ಎಂದಳು.

ಮೂರನೆಯ ವರ್ಷ ಅವನು ಒಂದು ಮಗುವಿನ ಚಪ್ಪಲಿಯ ಪಟ್ಟಿ ಹಾಕುತ್ತ ಬಗ್ಗಿದ್ದಾಗ, ಬೆನ್ನ ಹಿಂದೆ ಇನ್ನೊಂದು ಮೆಟ್ಟಿಲಿಂದ ಉರುಳಿ ಹಣೆ ಒಡೆದುಕೊಂಡಿತು. ಅದು ಕಿರುಚಿದ್ದು ಒಳಗಿನ ಏಳುನೂರು ಜನಕ್ಕೂ ಕೇಳಿಸಿತು. ಕೊಂಬು ನಡುವೆಯೇ ನಿಂತಿತು. ತಾಯಿ ಓಡಿಬಂದು ಮಗುವನ್ನು ಎತ್ತಿಕೊಂಡಾಗ ಹನಾನ್ಯ ಇನ್ನೂ ಪಟ್ಟಿಯ ಗುಂಡಿ ಹುಡುಕುತ್ತಿದ್ದ. ನೆಲದ ಮೇಲೆ ನೆರಳು ಸರಿದದ್ದು ಕಂಡು ತಲೆಯೆತ್ತಿದ. ರಕ್ತ ನೋಡಿದ. ಆಕೆಯ ತುಟಿಗಳು ವೇಗವಾಗಿ ಅಲುಗುತ್ತಿದ್ದವು. ಏನೆಂದಳೋ ಅವನಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ಬಂದು ನಿಂತಿದ್ದ ಗೆರ್ಶೋನ್ ತಲೆ ತಗ್ಗಿಸಿದ್ದರಿಂದ ಅಂದಾಜಾಯಿತು.

ಮಗುವಿಗೆ ನಾಲ್ಕು ಹೊಲಿಗೆ ಬಿತ್ತು. ಅದು ವಾಸಿಯಾಯಿತು. ಆಕೆ ಆಮೇಲೆ ಮನೆಗೆ ಬಂದು, ಆವತ್ತು ಬಾಯಿಗೆ ಬಂದದ್ದು ಅಂದುಬಿಟ್ಟೆ ಎಂದು ಓಸ್ನತ್‌ಳ ಹತ್ತಿರ ಹೇಳಿ, ಜೇನಿನ ಕೇಕು ಕೊಟ್ಟು ಹೋದಳು. ಮುಂದಿನ ಹಬ್ಬಕ್ಕೆ ಹನಾನ್ಯ ಬಿಳಿ ಅಂಗಿ ತೊಟ್ಟು ಅಂಗಳದಲ್ಲಿ ನಿಂತಿದ್ದ. ತಾಯಂದಿರು ಅವನಿಗೆ ಹಬ್ಬದ ಶುಭ ಹಾರೈಸಿದರು, ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು.